ರೇಟಿಂಗ್ ನೋಡಿ ಸಿನಿಮಾ, ವ್ಯೂಸ್ ನೋಡಿ ಔಷಧಿ: ಈ ಅಂಕಿಗಳನ್ನು ಎಷ್ಟರಮಟ್ಟಿಗೆ ನಂಬಬೇಕು?

ಓದುಗರ ಪ್ರಶ್ನೆ

ನಾನು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಪ್ರೌಢಶಾಲಾ ಶಿಕ್ಷಕಿಯಾಗಿದ್ದೇನೆ. ನಮ್ಮ ಯಜಮಾನರು ಮಾವು ಬೆಳೆಗಾರರು. ಮನೆಯಲ್ಲಿ ಅತ್ತೆಯವರು ಮತ್ತು ದ್ವಿತೀಯ ಪಿಯುಸಿ ಓದುತ್ತಿರುವ ಮಗ ಇದ್ದಾರೆ. ಎಲ್ಲರಿಗೂ ಸೇರಿ ಒಂದು ಸ್ಮಾರ್ಟ್ ಟಿವಿ, ಅದರಲ್ಲಿ ಒಂದೇ ಖಾತೆ. ನೋಡುಗರು ಚಿತ್ರಗಳಿಗೆ ಹತ್ತಕ್ಕೆ ಇಷ್ಟೆಂದು ಅಂಕ ಕೊಡುವ ಐಎಂಡಿಬಿ ಎಂಬ ಜಾಲತಾಣದಲ್ಲಿ ಏಳಕ್ಕಿಂತ ಕಡಿಮೆ ರೇಟಿಂಗ್ ಇರುವ ಚಿತ್ರವನ್ನು ಮಗ ಹಾಕಲು ಬಿಡುವುದಿಲ್ಲ. ಈಚೆಗೆ ಅವನಿಲ್ಲದ ದಿನ ನಾನೂ ಅತ್ತೆಯವರೂ ಒಂದು ಚಿಕ್ಕ ಕನ್ನಡ ಚಿತ್ರ ನೋಡಿದೆವು. ಇಬ್ಬರಿಗೂ ಬಹಳ ಹಿಡಿಸಿತು. ಆಮೇಲೆ ನೋಡಿದರೆ ಅದರ ರೇಟಿಂಗ್ 5.8, ಮತ ಹಾಕಿದವರು ಇನ್ನೂರು ಮಂದಿ. ಅಷ್ಟು ಕಂಡದ್ದೇ ತಡ, ನನ್ನ ಅಭಿರುಚಿಯ ಮೇಲೆ ನನಗೇ ಅನುಮಾನ ಬಂತು. ಯೂಟ್ಯೂಬ್ ತೆರೆದರೆ ಲಕ್ಷಗಟ್ಟಲೆ ವ್ಯೂಸ್ ಇರುವ ತೆಲುಗು ಹಾಸ್ಯದ ತುಣುಕುಗಳೇ ಬರುತ್ತವೆ. ಅತ್ತೆಯವರು ಕೇಳುವ ಕೈವಾರದ ಕಡೆಯ ತತ್ವಪದ ಭಜನೆ ಹುಡುಕಿದರಷ್ಟೇ ಸಿಗುತ್ತದೆ. ಇವೆಲ್ಲ ಹೋಗಲಿ ಎನ್ನಬಹುದಿತ್ತು. ಆದರೆ ಮಾವು ಹೂ ಬಿಟ್ಟಾಗ ಯಜಮಾನರು ಹತ್ತು ಲಕ್ಷ ವ್ಯೂಸ್ ಇದ್ದ ವಿಡಿಯೊ ನೋಡಿ ಅದರಲ್ಲಿ ಹೇಳಿದ ಹಾಗೆ ಔಷಧಿ ಹೊಡೆಸಿದರು. ಅದೇ ವಿಷಯದ ಮೇಲೆ ವಿಜ್ಞಾನಿಯೊಬ್ಬರು ಮಾತನಾಡಿದ ವಿಡಿಯೊ ಮುನ್ನೂರು ವ್ಯೂಸ್ ಇದ್ದ ಕಾರಣಕ್ಕೆ ಅದನ್ನು ತೆರೆಯಲೂ ಇಲ್ಲ. ಇದರ ನಡುವೆ ಮಗನಿಗೆ ಟೆಲಿಗ್ರಾಂನಲ್ಲಿ ಯಾರೋ ವಿಡಿಯೊಗಳಿಗೆ ಲೈಕ್ ಒತ್ತಿದರೆ ಪ್ರತಿಯೊಂದಕ್ಕೂ ಹಣ ಕೊಡುತ್ತೇವೆ ಎಂದಿದ್ದಾರಂತೆ. ಮೊದಲ ದಿನ ನೂರೈವತ್ತು ರೂಪಾಯಿ ಬಂದೂ ಇದೆ. ಈ ಅಂಕಿಗಳನ್ನು ಎಷ್ಟು ನಂಬಬೇಕು? ಮನೆಯಲ್ಲಿ ರೇಟಿಂಗ್ ನೋಡುವುದನ್ನೇ ನಿಲ್ಲಿಸಬೇಕೆ?

ಉತ್ತರ

ತುರ್ತಾದದ್ದನ್ನು ಮೊದಲು ಹೇಳುತ್ತೇನೆ. ಲೈಕ್ ಒತ್ತಿದ್ದಕ್ಕೆ ಹಣ ಕೊಡುವ ಆ ಟೆಲಿಗ್ರಾಂ ಗುಂಪಿನಿಂದ ಮಗ ಇಂದೇ ಹೊರಗೆ ಬರಲಿ. ಮೊದಲ ದಿನದ ನೂರೈವತ್ತು ರೂಪಾಯಿ ನಂಬಿಕೆ ಹುಟ್ಟಿಸಲು ಹಾಕಿದ ಹಣ. ಮುಂದಿನ ಹಂತದಲ್ಲಿ ಹೆಚ್ಚು ಸಂಪಾದನೆಯ ‘ಟಾಸ್ಕ್’ ಎಂದು ಹೇಳಿ ನೀವೇ ಠೇವಣಿ ಕಟ್ಟಬೇಕೆನ್ನುತ್ತಾರೆ. ಪರದೆಯ ಮೇಲೆ ಲಾಭ ಏರುತ್ತಾ ಹೋಗುತ್ತದೆ, ಹಿಂಪಡೆಯಲು ಹೊರಟಾಗ ತೆರಿಗೆ, ಶುಲ್ಕ ಎಂದು ಇನ್ನಷ್ಟು ಕೇಳುತ್ತಾರೆ, ಕೊನೆಗೆ ಗುಂಪೇ ಮಾಯವಾಗುತ್ತದೆ. ಈ ಬಗೆಯ ವಂಚನೆಯ ಬಗ್ಗೆ ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಘಟಕ ಹಲವು ಬಾರಿ ಎಚ್ಚರಿಸಿದೆ. ಮಗ ತನ್ನ ಖಾತೆಯ ಅಥವಾ ನಿಮ್ಮ ಖಾತೆಯ ವಿವರ ಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸಿ, ಏಕೆಂದರೆ ಇಂಥವರು ಬೇರೆಯವರಿಂದ ದೋಚಿದ ಹಣವನ್ನು ದಾಟಿಸಲು ವಿದ್ಯಾರ್ಥಿಗಳ ಖಾತೆಗಳನ್ನು ಬಳಸುವುದುಂಟು. ಹಣ ಕಳೆದುಕೊಂಡಿದ್ದರೆ ಸೈಬರ್ ವಂಚನೆಯ ಸಹಾಯವಾಣಿಯಾದ 1930ಕ್ಕೆ ಕೂಡಲೇ ಕರೆ ಮಾಡಬೇಕು. ತಡವಾದಷ್ಟೂ ಆ ಹಣವನ್ನು ತಡೆಹಿಡಿಯುವ ಅವಕಾಶ ಕಡಿಮೆಯಾಗುತ್ತದೆ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಚಿತ್ರದ ರೇಟಿಂಗ್, ಭಜನೆ ಕಾಣದಿರುವುದು, ಮಾವಿನ ಔಷಧಿ ಎಂದು ನೀವು ಮೂರು ಸಂಗತಿ ಬರೆದಿದ್ದೀರಿ. ಮೂರರ ಹಿಂದೆಯೂ ಇರುವ ಚಿಂತೆ ಒಂದೇ ಎಂದು ನನಗೆ ಅನ್ನಿಸಿತು: ಬಹಳ ಜನ ನೋಡಿದ್ದು, ಬಹಳ ಜನ ಮೆಚ್ಚಿದ್ದು ಒಳ್ಳೆಯದೇ ಆಗಿರಬೇಕಲ್ಲವೇ, ಹಾಗಿದ್ದರೆ ನಮ್ಮ ಅನುಭವ ಏಕೆ ಬೇರೆಯಾಗಿದೆ? ತುಮಕೂರಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವ ನಾನು, ಅದಕ್ಕೆ ಮೊದಲು ವೀಕ್ಷಣೆಯ ದತ್ತಾಂಶವನ್ನು ವಿಶ್ಲೇಷಿಸುವ ಕೆಲಸದಲ್ಲಿದ್ದವನು. ಆ ಅನುಭವದಿಂದ ಹೇಳುವುದಾದರೆ, ಈ ಅಂಕಿಗಳು ಬಹುಪಾಲು ಸುಳ್ಳಲ್ಲ. ನಾವು ಕೇಳುತ್ತಿರುವ ಪ್ರಶ್ನೆ ಒಂದು, ಅವು ಕೊಡುತ್ತಿರುವ ಉತ್ತರ ಇನ್ನೊಂದು. “ಇದು ನನಗೆ ಹಿಡಿಸೀತೇ, ನನಗೆ ಉಪಯೋಗವಾದೀತೇ” ಎಂದು ನಾವು ಕೇಳುತ್ತೇವೆ. “ಇಲ್ಲಿಗೆ ಈವರೆಗೆ ಎಷ್ಟು ಜನ ಬಂದರು, ಅವರಲ್ಲಿ ಮತ ಹಾಕಿದವರು ಏನೆಂದರು” ಎಂಬುದಕ್ಕೆ ಮಾತ್ರ ಅಂಕಿ ಉತ್ತರಿಸುತ್ತದೆ.

ನೀವು ನೋಡಿದ ಚಿತ್ರದ 5.8ನ್ನೇ ತೆಗೆದುಕೊಳ್ಳೋಣ. ಇನ್ನೂರು ಮತಗಳ ಸರಾಸರಿ 5.8 ಆಗಲು ಹಲವು ದಾರಿಗಳಿವೆ. ನೂರ ಅರವತ್ತು ಜನ 6 ಅಂಕ, ನಲವತ್ತು ಜನ 5 ಅಂಕ ಕೊಟ್ಟರೆ ಸರಾಸರಿ 5.8, ಅಂದರೆ ಎಲ್ಲರಿಗೂ ಸುಮಾರಾಗಿ ಕಂಡ ಚಿತ್ರ. ನೂರ ಇಪ್ಪತ್ತು ಜನ 9 ಕೊಟ್ಟು, ಎಂಬತ್ತು ಜನ 1 ಕೊಟ್ಟರೂ ಸರಾಸರಿ 5.8 ಬರುತ್ತದೆ, ಇದು ನೋಡಿದ ಹೆಚ್ಚಿನವರು ಮನಸಾರೆ ಮೆಚ್ಚಿದ, ಉಳಿದವರು ಯಾವುದೋ ಕಾರಣಕ್ಕೆ ಪೂರ್ತಿ ತಿರಸ್ಕರಿಸಿದ ಚಿತ್ರ. ಆ ಕಾರಣ ಚಿತ್ರದ ನಿಧಾನಗತಿ ಇರಬಹುದು, ನಟನ ಮೇಲಿನ ಸಿಟ್ಟಿರಬಹುದು, ಎದುರು ಬಣದ ಅಭಿಮಾನಿಗಳ ಕೆಲಸವೂ ಇರಬಹುದು. ಎರಡೂ ಸಂದರ್ಭದಲ್ಲಿ ನಿಮ್ಮ ಮಗನ ಕಣ್ಣಿಗೆ ಬೀಳುವುದು ಒಂದೇ ಅಂಕಿ. ಐಎಂಡಿಬಿಯಲ್ಲಿ ರೇಟಿಂಗ್ ಮೇಲೆ ಒತ್ತಿದರೆ ಯಾವ ಅಂಕಕ್ಕೆ ಎಷ್ಟು ಮತ ಬಿದ್ದಿದೆ ಎಂಬ ಪಟ್ಟಿ ತೆರೆದುಕೊಳ್ಳುತ್ತದೆ. ಸರಾಸರಿಯನ್ನು ನೋಡುವ ಬದಲು ಆ ಪಟ್ಟಿಯನ್ನು ನೋಡುವ ಅಭ್ಯಾಸವನ್ನು ಮಗನಿಗೆ ಕಲಿಸಿ. ಪಿಯುಸಿ ಹುಡುಗನಿಗೆ ಅದು ಕಷ್ಟದ ಗಣಿತವೇನಲ್ಲ.

ಮತಗಳ ಸಂಖ್ಯೆಯೂ ಅಷ್ಟೇ ಮುಖ್ಯ. ಹೊಸ ಚಿತ್ರವೊಂದಕ್ಕೆ ಮೊದಲ ದಿನ 9.5 ಕಂಡರೆ ಅದರಲ್ಲಿ ಚಿತ್ರತಂಡದ ಬಂಧುಬಳಗದ ಮತಗಳೂ ಕಟ್ಟಾ ಅಭಿಮಾನಿಗಳ ಮತಗಳೂ ಇರುವುದು ಸಹಜ. ಇದನ್ನು ಸರಿಪಡಿಸಲು ಸಂಖ್ಯಾಶಾಸ್ತ್ರದಲ್ಲಿ ಒಂದು ಸರಳ ಉಪಾಯವಿದೆ: ಪ್ರತಿ ಚಿತ್ರಕ್ಕೂ ಒಂದು ಸಾವಿರ ‘ಸಾಧಾರಣ’ ಮತಗಳು, ಉದಾಹರಣೆಗೆ 7 ಅಂಕದಂತೆ, ಮೊದಲೇ ಬಿದ್ದಿವೆ ಎಂದು ಭಾವಿಸುವುದು. ಆಗ ನೂರು ಜನ 9.5 ಕೊಟ್ಟ ಚಿತ್ರದ ಲೆಕ್ಕ ಸುಮಾರು 7.2ಕ್ಕೆ ಇಳಿಯುತ್ತದೆ, ಹತ್ತು ಸಾವಿರ ಜನ 8 ಕೊಟ್ಟ ಚಿತ್ರ 7.9ರಲ್ಲಿ ನಿಲ್ಲುತ್ತದೆ. ಐಎಂಡಿಬಿ ತನ್ನ ಅತ್ಯುತ್ತಮ 250 ಚಿತ್ರಗಳ ಪಟ್ಟಿಗೆ ಇದೇ ಜಾತಿಯ ಸೂತ್ರ ಬಳಸುತ್ತದೆ. ಕನಿಷ್ಠ 25,000 ಮತಗಳಿಲ್ಲದ ಚಿತ್ರ ಆ ಪಟ್ಟಿಗೆ ಸೇರುವುದೇ ಇಲ್ಲ. ಉಳಿದ ಚಿತ್ರಗಳಿಗೂ ಅದು ತೋರಿಸುವುದು ತೂಕ ಕೊಟ್ಟ ಸರಾಸರಿಯನ್ನೇ, ಬರಿಯ ಸರಾಸರಿಯನ್ನಲ್ಲ; ತೂಕದ ವಿಧಾನವನ್ನು ಪೂರ್ತಿಯಾಗಿ ಹೊರಗೆ ಹೇಳದಿರುವುದು ಮೋಸದ ಮತಗಳನ್ನು ತಡೆಯಲಿಕ್ಕಾಗಿ.

ಇನ್ನು ಮತ ಹಾಕುವವರು ಯಾರು? ಆ ತಾಣ ಹಿಂದೆ ಪ್ರಕಟಿಸುತ್ತಿದ್ದ ವಿಂಗಡಣೆಯಲ್ಲಿ ಗಂಡಸರ ಮತಗಳು ಬಹಳ ಹೆಚ್ಚಾಗಿ ಕಾಣುತ್ತಿದ್ದವು. ಇಂಗ್ಲಿಷಿನಲ್ಲಿ ವ್ಯವಹರಿಸಬಲ್ಲ, ಖಾತೆ ತೆರೆದು ಅಂಕ ಒತ್ತುವ ಹವ್ಯಾಸವಿರುವ ಯುವಕರ ನಡುವೆ ಶ್ರೀನಿವಾಸಪುರದ ಶಿಕ್ಷಕಿಯೂ ಅವರ ಅತ್ತೆಯವರೂ ಎಲ್ಲಿ ಎಣಿಕೆಗೆ ಬಂದರು? ನಿಮ್ಮ ಅಭಿರುಚಿಯಲ್ಲಿ ದೋಷವಿಲ್ಲ. ನಿಮ್ಮಂಥವರು ಆ ಇನ್ನೂರರಲ್ಲಿ ಇರಲಿಲ್ಲ, ಅಷ್ಟೆ. ಸಣ್ಣ ಕನ್ನಡ ಚಿತ್ರಗಳ ವಿಷಯದಲ್ಲಿ ನನಗೆ ಅತ್ಯಂತ ಬೇಸರ ತರುವ ಸಂಗತಿ ಇದು. ಮತಗಳು ಕಡಿಮೆ ಇದ್ದಾಗ ಒಂದು ಸಣ್ಣ ಗುಂಪಿನ ಅಸಮಾಧಾನವೂ ಅಂಕವನ್ನು ಕೆಳಗೆ ಎಳೆಯುತ್ತದೆ. ಕೆಳಗಿಳಿದ ಅಂಕ ಕಂಡು ಮುಂದಿನವರು ಬರುವುದಿಲ್ಲ. ಬಾರದವರು ಮತ ಹಾಕುವುದಿಲ್ಲವಾದ್ದರಿಂದ ಅಂಕ ಅಲ್ಲೇ ಉಳಿದುಬಿಡುತ್ತದೆ.

ಮೊದಲ ಅಂಕಿ ಮುಂದಿನ ಅಂಕಿಗಳನ್ನು ಹುಟ್ಟಿಸುತ್ತದೆ ಎಂಬುದು ಊಹೆಯ ಮಾತಲ್ಲ. ಮ್ಯಾಥ್ಯೂ ಸಾಲ್ಗಾನಿಕ್, ಪೀಟರ್ ಡಾಡ್ಸ್ ಮತ್ತು ಡಂಕನ್ ವಾಟ್ಸ್ ಎಂಬ ಮೂವರು ಸಂಶೋಧಕರು ಅಮೆರಿಕದಲ್ಲಿ ಇದಕ್ಕಾಗಿಯೇ ಒಂದು ಪ್ರಯೋಗ ನಡೆಸಿ 2006ರಲ್ಲಿ ಪ್ರಕಟಿಸಿದರು. ಯಾರೂ ಹೆಸರು ಕೇಳದ ತಂಡಗಳ 48 ಹಾಡುಗಳನ್ನು ಒಂದು ಜಾಲತಾಣದಲ್ಲಿಟ್ಟು, ಬಂದ 14,341 ಜನರನ್ನು ಚೀಟಿ ಎತ್ತಿದಂತೆ ಬೇರೆ ಬೇರೆ ಗುಂಪುಗಳಿಗೆ ಹಂಚಿದರು. ಒಂದು ಗುಂಪಿನವರಿಗೆ ಹಾಡುಗಳ ಹೆಸರಷ್ಟೇ ಕಾಣುತ್ತಿತ್ತು. ಉಳಿದ ಎಂಟು ಗುಂಪುಗಳಲ್ಲಿ, ಆಯಾ ಗುಂಪಿನೊಳಗೆ ಪ್ರತಿ ಹಾಡನ್ನು ಎಷ್ಟು ಮಂದಿ ಇಳಿಸಿಕೊಂಡಿದ್ದಾರೆ ಎಂಬ ಅಂಕಿಯೂ ಕಾಣುತ್ತಿತ್ತು. ಹಾಡುಗಳು ಅವೇ, ಕೇಳುಗರ ಬಗೆಯೂ ಅದೇ, ಎಲ್ಲ ಗುಂಪುಗಳೂ ಸೊನ್ನೆಯಿಂದ ಶುರು. ಆದರೂ ಎಂಟು ಗುಂಪುಗಳಲ್ಲಿ ಮೇಲೆ ಬಂದ ಹಾಡುಗಳು ಬೇರೆ ಬೇರೆಯಾಗಿದ್ದವು, ಮತ್ತು ಅಂಕಿ ಕಾಣುತ್ತಿದ್ದ ಕಡೆಯಲ್ಲೆಲ್ಲ ಮೇಲಿನ ಹಾಡಿಗೂ ಕೆಳಗಿನ ಹಾಡಿಗೂ ಅಂತರ ಹೆಚ್ಚಾಗಿತ್ತು. ಅಂಕಿ ಕಾಣದ ಗುಂಪಿನಲ್ಲಿ 26ನೆಯ ಸ್ಥಾನದಲ್ಲಿದ್ದ ಒಂದು ಹಾಡು ಒಂದು ಗುಂಪಿನಲ್ಲಿ ಮೊದಲ ಸ್ಥಾನಕ್ಕೆ ಏರಿತು, ಇನ್ನೊಂದರಲ್ಲಿ 40ಕ್ಕೆ ಇಳಿಯಿತು. ತೀರ ಒಳ್ಳೆಯ ಹಾಡುಗಳು ಪೂರ್ತಿ ನೆಲಕಚ್ಚಿದ್ದು ಅಪರೂಪ, ತೀರ ಕಳಪೆಯವು ಗೆದ್ದದ್ದೂ ಅಪರೂಪ. ಆದರೆ ನಡುವಿನ ಹಾಡುಗಳಿಗೆ ಏನು ಬೇಕಾದರೂ ಆಗಬಹುದಿತ್ತು. ನಾವು ಸಂಜೆ ನೋಡುವ ಹೆಚ್ಚಿನ ಚಿತ್ರಗಳು ಈ ನಡುವಿನವೇ.

ಅವರಲ್ಲಿ ಇಬ್ಬರು 2008ರಲ್ಲಿ ಪ್ರಕಟಿಸಿದ ಮುಂದಿನ ಪ್ರಯೋಗ ಇನ್ನೂ ಕಠಿಣವಾದದ್ದು. ಜನಪ್ರಿಯತೆಯ ಪಟ್ಟಿಯನ್ನೇ ತಲೆಕೆಳಗು ಮಾಡಿ, ಕೊನೆಯಲ್ಲಿದ್ದ ಹಾಡುಗಳೇ ಮುಂದಿವೆ ಎಂದು ಹೊಸಬರಿಗೆ ತೋರಿಸಿದರು. ಸುಳ್ಳು ಅಂಕಿ ಬಹಳಷ್ಟು ಹಾಡುಗಳ ಮಟ್ಟಿಗೆ ನಿಜವಾಗಿಯೇ ಹೋಯಿತು. ನಿಜಕ್ಕೂ ಒಳ್ಳೆಯ ಕೆಲವು ಹಾಡುಗಳು ನಿಧಾನವಾಗಿ ಮೇಲಕ್ಕೆ ಬಂದವು, ಆದರೆ ಒಟ್ಟಾರೆ ಜನ ಹಾಡುಗಳನ್ನು ಇಳಿಸಿಕೊಳ್ಳುವುದೇ ಕಡಿಮೆಯಾಯಿತು. ಲೆವ್ ಮುಚ್ನಿಕ್, ಸಿನಾನ್ ಅರಾಲ್ ಮತ್ತು ಶಾನ್ ಟೇಲರ್ 2013ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ಸುದ್ದಿ ಹಂಚುವ ತಾಣವೊಂದರ ಒಂದು ಲಕ್ಷಕ್ಕೂ ಹೆಚ್ಚು ಅಭಿಪ್ರಾಯಗಳಲ್ಲಿ ಕೆಲವಕ್ಕೆ ಸಂಶೋಧಕರೇ ಒಂದೇ ಒಂದು ಮೆಚ್ಚುಗೆಯ ಮತ ಒತ್ತಿದರು. ಅಷ್ಟಕ್ಕೇ ಮುಂದೆ ನೋಡಿದ ಮೊದಲ ವ್ಯಕ್ತಿ ಮೆಚ್ಚುವ ಸಾಧ್ಯತೆ ಶೇ 32ರಷ್ಟು ಹೆಚ್ಚಿತು, ಕೊನೆಯ ಅಂಕ ಸರಾಸರಿ ಶೇ 25ರಷ್ಟು ಮೇಲೇರಿತು. ಮೊದಲಿಗೆ ಬಿದ್ದ ಅಸಮ್ಮತಿಯ ಮತವನ್ನು ಮಾತ್ರ ಮುಂದಿನವರು ತಾವಾಗಿ ಸರಿಪಡಿಸಿಬಿಟ್ಟರು. ಹೊಗಳಿಕೆ ಬೆಳೆಯುತ್ತದೆ, ತೆಗಳಿಕೆ ಅದೇ ಪ್ರಮಾಣದಲ್ಲಿ ಬೆಳೆಯುವುದಿಲ್ಲ. ಟೆಲಿಗ್ರಾಂನಲ್ಲಿ ಲೈಕಿನ ಆಸೆ ತೋರಿಸುವವರ ಮಾತನ್ನು ಜನ ಸುಲಭವಾಗಿ ನಂಬುವುದು ಲೈಕಿಗೆ ನಿಜವಾಗಿಯೂ ಇಂಥ ಬೆಲೆ ಇರುವುದರಿಂದಲೇ.

ಹಾಗೆಂದು ಜನ ಕುರಿಗಳಂತೆ ಹಿಂಬಾಲಿಸುತ್ತಾರೆ ಎಂದು ನಾನು ಹೇಳುತ್ತಿಲ್ಲ. ಆ ಮಾತು ಕೇಳಿದಾಗಲೆಲ್ಲ ನನಗೆ ಒಪ್ಪಿಗೆಯಾಗುವುದಿಲ್ಲ. ನಿಮ್ಮೂರಿನ ಮಾವಿನ ಮಂಡಿಯಲ್ಲಿ ಒಂದು ರಾಶಿಗೆ ಇಬ್ಬರು ಅನುಭವಿ ವ್ಯಾಪಾರಿಗಳು ಏರು ಬೆಲೆ ಕೂಗಿದರೆ, ಅವರಿಗೆ ಏನೋ ಗೊತ್ತಿರಬೇಕೆಂದು ಮೂರನೆಯವನು ಎಣಿಸುವುದು ಬುದ್ಧಿವಂತಿಕೆಯೇ. ಆದರೆ ಮೂರನೆಯವನು ಕಾಯಿಯನ್ನು ಕೈಯಲ್ಲಿ ಹಿಡಿದು ನೋಡುತ್ತಾನೆ, ಬೇಕಾದರೆ ಕೊಯ್ದೂ ನೋಡುತ್ತಾನೆ, ತನ್ನ ಹಣವನ್ನೇ ಪಣಕ್ಕಿಡುತ್ತಾನೆ. ಅಂತರ್ಜಾಲದಲ್ಲಿ ಎರಡನೆಯವನು ಮೊದಲನೆಯವನನ್ನು ನೋಡಿ ಬಂದ, ಮೂರನೆಯವನು ಇಬ್ಬರನ್ನೂ ನೋಡಿ ಬಂದ; ಹತ್ತು ಲಕ್ಷದಲ್ಲಿ ಸ್ವಂತ ಪರೀಕ್ಷೆ ಮಾಡಿ ಬಂದವರು ಎಷ್ಟು ಜನ ಎಂಬುದು ಆ ಅಂಕಿಯೊಳಗೆ ಕಾಣುವುದಿಲ್ಲ. ಹತ್ತು ಲಕ್ಷ ಸಾಕ್ಷಿಗಳೆಂದು ನಾವು ತಿಳಿದದ್ದು ನಿಜದಲ್ಲಿ ಬೆರಳೆಣಿಕೆಯ ಸಾಕ್ಷಿಗಳಾಗಿರಬಹುದು. ಇನ್ನು ನಿಮ್ಮ ಮಗನ ಮಟ್ಟಿಗೆ ಬೇರೊಂದು ಕಾರಣವೂ ಇದೆ: ಮಾರನೆಯ ದಿನ ಕಾಲೇಜಿನಲ್ಲಿ ಗೆಳೆಯರೊಂದಿಗೆ ಮಾತನಾಡಲು ಅವನಿಗೆ ಎಲ್ಲರೂ ನೋಡಿದ್ದೇ ಬೇಕು. ಆ ವಯಸ್ಸಿನಲ್ಲಿ ಅದು ನ್ಯಾಯವಾದ ಅಗತ್ಯ, ಅದನ್ನು ಹೀಗಳೆಯಬೇಡಿ.

ವ್ಯೂಸ್ ವಿಷಯಕ್ಕೆ ಬಂದರೆ, “ಎಲ್ಲವೂ ದುಡ್ಡು ಕೊಟ್ಟು ಕೊಂಡದ್ದು” ಎಂಬುದೂ ತಪ್ಪು ತಿಳಿವಳಿಕೆ. ಕೊಂಡ ವ್ಯೂಸ್ ಇರುವುದು ನಿಜ, ಆದರೆ ಅದು ಯೂಟ್ಯೂಬ್ ನಿಯಮಕ್ಕೆ ವಿರುದ್ಧ, ಪತ್ತೆಯಾದರೆ ತೆಗೆದುಹಾಕುತ್ತಾರೆ. ಹೆಚ್ಚು ಗಮನಿಸಬೇಕಾದದ್ದು ಎಣಿಕೆಯ ಅಳತೆಗೋಲೇ ಬದಲಾಗುತ್ತಿರುವುದು. ಯೂಟ್ಯೂಬ್ 2012ರಲ್ಲಿ ಶಿಫಾರಸಿಗೆ ವ್ಯೂಸ್ ಬದಲು ನೋಡಿದ ಹೊತ್ತನ್ನು ಮುಖ್ಯ ಆಧಾರ ಮಾಡಿಕೊಂಡಿತು, ಏಕೆಂದರೆ ಆಕರ್ಷಕ ಶೀರ್ಷಿಕೆ ನಂಬಿ ಒತ್ತಿದವರು ತಕ್ಷಣ ಹೊರಬಂದರೂ ವ್ಯೂ ಎಂದೇ ಲೆಕ್ಕವಾಗುತ್ತಿತ್ತು. ಇದಕ್ಕೆ ವಿರುದ್ಧವಾಗಿ, 2025ರ ಮಾರ್ಚ್ ಕೊನೆಯಿಂದ ಶಾರ್ಟ್ಸ್ ತುಣುಕುಗಳು ಆಡಲು ಶುರುವಾದರೇ ಒಂದು ವ್ಯೂ ಎಂದು ಎಣಿಸುತ್ತಿದ್ದಾರೆ. ಬೆರಳಲ್ಲಿ ಸರಿಸಿಬಿಟ್ಟರೂ ಅದು ಲೆಕ್ಕಕ್ಕಿದೆ. ನೆಟ್‌ಫ್ಲಿಕ್ಸ್ 2020ರಲ್ಲಿ ಎರಡು ನಿಮಿಷ ನೋಡಿದರೂ ವೀಕ್ಷಣೆ ಎಂದಿತು, 2021ರಲ್ಲಿ ಒಟ್ಟು ಗಂಟೆಗಳ ಲೆಕ್ಕಕ್ಕೆ ಹೋಯಿತು, 2023ರಿಂದ ಆ ಗಂಟೆಗಳನ್ನು ಚಿತ್ರದ ಅವಧಿಯಿಂದ ಭಾಗಿಸಿ ಬಂದದ್ದನ್ನು ವೀಕ್ಷಣೆ ಎನ್ನುತ್ತಿದೆ. ಅಲ್ಲಿ ನಂಬರ್ ಒನ್ ಎಂದು ಕಂಡದ್ದು ಎಷ್ಟು ಜನರಿಗೆ ಹಿಡಿಸಿತು ಎಂಬುದನ್ನು ಇವುಗಳಲ್ಲಿ ಯಾವ ಲೆಕ್ಕವೂ ಹೇಳುವುದಿಲ್ಲ. 2017ರಲ್ಲಿ ಅದೇ ಸಂಸ್ಥೆ ಐದು ನಕ್ಷತ್ರಗಳ ಪದ್ಧತಿ ಬಿಟ್ಟು ಹೆಬ್ಬೆರಳ ಗುರುತಿಗೆ ಬಂದಾಗ ಜೊತೆಗೆ ಕಾಣತೊಡಗಿದ ‘ಶೇಕಡಾ ಹೊಂದಿಕೆ’ಯನ್ನು ಎಷ್ಟೋ ಜನ ಚಿತ್ರದ ಅಂಕವೆಂದು ತಿಳಿದರು, ಅದು ಆ ಖಾತೆಯವರಿಗೆ ಚಿತ್ರ ಹಿಡಿಸೀತೆಂಬ ಊಹೆಯಾಗಿತ್ತು.

ನಿಮ್ಮ ಟಿವಿಯಲ್ಲಿ ತೆಲುಗು ಹಾಸ್ಯವೇ ತುಂಬಿರುವುದಕ್ಕೆ ಕನ್ನಡದ ಮೇಲಿನ ದ್ವೇಷ ಕಾರಣವಲ್ಲ. ಆಂಧ್ರದ ಗಡಿಯಲ್ಲಿರುವ ನಿಮ್ಮ ಕಡೆ ಮನೆಮನೆಯಲ್ಲೂ ಎರಡು ಭಾಷೆ ನಡೆಯುತ್ತದೆ, ಮನೆಯಲ್ಲಿ ಯಾರೋ ಕೆಲವು ತುಣುಕುಗಳನ್ನು ಕೊನೆಯವರೆಗೆ ನೋಡಿದ್ದಾರೆ, ತೆಲುಗಿನಲ್ಲಿ ಅಂಥ ವಿಡಿಯೊಗಳ ರಾಶಿಯೂ ದೊಡ್ಡದು. ಜನ ಯೂಟ್ಯೂಬಿನಲ್ಲಿ ಕಳೆಯುವ ಹೊತ್ತಿನಲ್ಲಿ ಶೇ 70ಕ್ಕಿಂತ ಹೆಚ್ಚು ಶಿಫಾರಸಿನಿಂದ ಬರುತ್ತದೆ ಎಂದು ಆ ಸಂಸ್ಥೆಯ ಅಧಿಕಾರಿಯೇ 2018ರಲ್ಲಿ ಹೇಳಿದ್ದರು. ಒಂದೇ ಖಾತೆಯಲ್ಲಿ ನಾಲ್ವರು ನೋಡುತ್ತಿರುವಾಗ, ಯಾರು ಹೆಚ್ಚು ಹೊತ್ತು ನೋಡುತ್ತಾರೋ ಅವರ ರುಚಿಯೇ ಮನೆಯವರೆಲ್ಲರ ರುಚಿ ಎಂದು ಯಂತ್ರ ತಿಳಿಯುತ್ತದೆ. ಅತ್ತೆಯವರು ವಾರಕ್ಕೊಮ್ಮೆ ಕೇಳುವ ಭಜನೆ ಆ ಲೆಕ್ಕದಲ್ಲಿ ಮುಳುಗಿಹೋಗುತ್ತದೆ.

ಹಾಗಾದರೆ ಏನು ಮಾಡಬಹುದು? ರೇಟಿಂಗ್ ನೋಡುವುದನ್ನೇ ನಿಷೇಧಿಸುವುದು ಬೇಡ. ಹಾಗೆ ಮಾಡಿದರೆ ಮಗ ಫೋನಿನಲ್ಲಿ ಗುಟ್ಟಾಗಿ ನೋಡುತ್ತಾನೆ. ಅಲ್ಲದೆ ನಿಜಕ್ಕೂ ಕಳಪೆಯಾದದ್ದನ್ನು ದೂರವಿಡಲು ರೇಟಿಂಗ್ ಒಳ್ಳೆಯ ಸಾಧನವೇ. ಸಾವಿರಾರು ಮತಗಳಿದ್ದೂ 3ರ ಆಸುಪಾಸಿನಲ್ಲಿರುವ ಚಿತ್ರವನ್ನು ಬಿಟ್ಟುಬಿಡುವುದರಲ್ಲಿ ನಷ್ಟ ಕಡಿಮೆ, ಆದರೆ ಅಭಿಮಾನಿಗಳ ಜಗಳದಲ್ಲಿ ಸಿಕ್ಕಿಬಿದ್ದ ಚಿತ್ರವೂ ಅಲ್ಲಿಗೆ ಇಳಿಯುವುದರಿಂದ ಮತಗಳ ಹಂಚಿಕೆಯ ಪಟ್ಟಿಯನ್ನು ಒಮ್ಮೆ ನೋಡಿ. 5.5ರಿಂದ 7.5ರ ನಡುವೆ ಇರುವ ಚಿತ್ರಗಳನ್ನು ಅಂಕದಿಂದ ಬೇರ್ಪಡಿಸಲು ಹೋಗಬೇಡಿ. ಅಲ್ಲಿ ಅರ್ಧ ಅಂಕದ ವ್ಯತ್ಯಾಸಕ್ಕೆ ಅರ್ಥ ಬಹಳ ಕಡಿಮೆ. ಮನೆಯವರು ಸರದಿಯ ಮೇಲೆ ಆರಿಸಲಿ, ಇಪ್ಪತ್ತು ನಿಮಿಷ ನೋಡುವವರೆಗೆ ಯಾರೂ ರೇಟಿಂಗ್ ತೆರೆಯಬಾರದು, ಆಮೇಲೆ ಬೇಡವೆನಿಸಿದರೆ ನಿಲ್ಲಿಸಬಹುದು ಎಂಬ ಒಪ್ಪಂದ ಮಾಡಿಕೊಳ್ಳಿ. ಇದರಲ್ಲಿರುವ ಅಪಾಯವೆಂದರೆ ಕೆಲವು ಸಂಜೆಗಳು ವ್ಯರ್ಥವಾಗುವುದು. ನಿಧಾನವಾಗಿ ತೆರೆದುಕೊಳ್ಳುವ ಚಿತ್ರಗಳಿಗೆ ಇಪ್ಪತ್ತು ನಿಮಿಷ ಸಾಲದೆಯೂ ಹೋಗಬಹುದು. ನನ್ನ ತರಗತಿಯಲ್ಲಿ ವಿದ್ಯಾರ್ಥಿಗಳಿಗೆ ಮೊದಲು ಅಂಕಿಗಳಿಲ್ಲದ ಪಟ್ಟಿ ಕೊಟ್ಟು, ಆಮೇಲೆ ಅಂಕಿಗಳಿರುವ ಪಟ್ಟಿ ಕೊಟ್ಟು ಆರಿಸಲು ಹೇಳುವುದುಂಟು. ತಮ್ಮ ಆಯ್ಕೆಗಳು ಹೇಗೆ ಬದಲಾದವೆಂದು ತಾವೇ ಕಂಡಾಗ ಅವರಿಗೆ ಆಗುವ ಅಚ್ಚರಿ ಯಾವ ಉಪದೇಶದಿಂದಲೂ ಆಗುವುದಿಲ್ಲ. ಮಗನೊಂದಿಗೆ ಇದನ್ನು ಮಾಡಿ ನೋಡಬಹುದು.

ಯೂಟ್ಯೂಬ್ ಮಟ್ಟಿಗೆ ಅತ್ಯಂತ ಪರಿಣಾಮಕಾರಿಯಾದದ್ದು ಪ್ರತಿಯೊಬ್ಬರಿಗೂ ಬೇರೆ ಖಾತೆ. ಟಿವಿಯಲ್ಲೇ ಖಾತೆ ಬದಲಾಯಿಸುವ ಅವಕಾಶವಿದೆ. ಅತ್ತೆಯವರ ಖಾತೆಯಲ್ಲಿ ನಾಲ್ಕಾರು ಭಜನೆಗಳನ್ನು ಪೂರ್ತಿ ಕೇಳಿ, ಆ ಚಾನೆಲ್‌ಗಳನ್ನು ಸಬ್‌ಸ್ಕ್ರೈಬ್ ಮಾಡಿದರೆ ಕ್ರಮೇಣ ಅಂಥವೇ ಮುಂದೆ ಬರುತ್ತವೆ. ಇದರ ಇನ್ನೊಂದು ಮುಖವೂ ತಿಳಿದಿರಲಿ: ಬೇರೆ ಖಾತೆಗಳಾದ ಮೇಲೆ ಪ್ರತಿಯೊಬ್ಬರೂ ತಮ್ಮ ರುಚಿಯೊಳಗೇ ಇನ್ನಷ್ಟು ಆಳಕ್ಕೆ ಹೋಗುತ್ತಾರೆ, ಎಲ್ಲರೂ ಸೇರಿ ನೋಡುವ ಸಂಜೆಗಳು ಕಡಿಮೆಯಾಗಬಹುದು. ವೀಕ್ಷಣೆಯ ಹಿಸ್ಟರಿಯನ್ನು ಪೂರ್ತಿ ಅಳಿಸಿ ನಿಲ್ಲಿಸಿಬಿಡುವುದು ಇನ್ನೊಂದು ದಾರಿ. 2023ರಿಂದೀಚೆಗೆ ಹಾಗೆ ಮಾಡಿದವರ ಮುಖಪುಟ ಬಹುಮಟ್ಟಿಗೆ ಖಾಲಿಯಾಗಿರುತ್ತದೆ, ಬೇಕಾದದ್ದನ್ನು ಹುಡುಕಿಯೇ ನೋಡಬೇಕು. ಪರೀಕ್ಷೆಯ ವರ್ಷದಲ್ಲಿರುವ ಮಗನಿಗೆ ಇದು ಅನುಕೂಲ, ಅಕ್ಷರ ಒತ್ತಲು ಕಷ್ಟಪಡುವ ಅತ್ತೆಯವರಿಗೆ ತೊಂದರೆ. ಒಂದು ವಿಡಿಯೊ ಮುಗಿದೊಡನೆ ಇನ್ನೊಂದು ತಾನಾಗಿ ಶುರುವಾಗುವ ಆಟೋಪ್ಲೇ ನಿಲ್ಲಿಸುವುದರಿಂದ ಯಾರಿಗೂ ನಷ್ಟವಿಲ್ಲ. ಅದನ್ನು ಇಂದೇ ಮಾಡಿ.

ಯಜಮಾನರ ವಿಷಯವನ್ನು ಕೊನೆಗೆ ಇಟ್ಟುಕೊಂಡದ್ದು ಅದು ಮೂರರಲ್ಲಿ ಅತ್ಯಂತ ಗಂಭೀರವಾದದ್ದು ಎಂಬ ಕಾರಣಕ್ಕೆ. ಸಿನಿಮಾ ಹಿಡಿಸದಿದ್ದರೆ ಎರಡು ಗಂಟೆ ಹೋಗುತ್ತದೆ. ಹೂ ಉದುರಿದರೆ ಒಂದು ವರ್ಷದ ಫಸಲು ಹೋಗುತ್ತದೆ. ಚಿತ್ರ ನೋಡಿದವನಿಗೆ ತನಗೆ ಹಿಡಿಸಿತೋ ಇಲ್ಲವೋ ಎಂಬುದು ಆಗಲೇ ಗೊತ್ತಾಗುವುದರಿಂದ ಅವನ ಲೈಕಿಗೆ ಒಂದಿಷ್ಟಾದರೂ ಅರ್ಥವಿದೆ. ಔಷಧಿಯ ವಿಡಿಯೊ ನೋಡಿ ಲೈಕ್ ಒತ್ತಿದವನು ಇನ್ನೂ ಔಷಧಿಯನ್ನು ಹೊಡೆದೇ ಇರುವುದಿಲ್ಲ. ಹೊಡೆದು, ಕಾಯಿ ಕಚ್ಚಿತೋ ಇಲ್ಲವೋ ನೋಡಿ, ತಿಂಗಳುಗಳ ನಂತರ ಅದೇ ವಿಡಿಯೊಗೆ ಹಿಂತಿರುಗಿ ಬಂದು ಫಲಿತಾಂಶ ಬರೆಯುವವರು ತೀರ ವಿರಳ. ಹಾಗಾಗಿ ಆ ಹತ್ತು ಲಕ್ಷ ವ್ಯೂಸ್ ಮತ್ತು ಅದರ ಕೆಳಗಿನ “ಸೂಪರ್ ಅಣ್ಣ” ಎಂಬ ಮಾತುಗಳು ನಿರೂಪಣೆಗೆ ಬಿದ್ದ ಮತಗಳು, ಔಷಧಿಗೆ ಬಿದ್ದವಲ್ಲ. ಮೆಚ್ಚದವರ ಸಂಖ್ಯೆಯನ್ನು ನೋಡಿ ಎಚ್ಚರವಾಗೋಣವೆಂದರೆ ಅದೂ ಸಾಧ್ಯವಿಲ್ಲ. ಸಣ್ಣ ಚಾನೆಲ್‌ಗಳ ಮೇಲೆ ಗುಂಪುಗಟ್ಟಿ ದಾಳಿ ಮಾಡುವುದನ್ನು ತಡೆಯುವ ಉದ್ದೇಶದಿಂದ ಯೂಟ್ಯೂಬ್ 2021ರ ನವೆಂಬರ್‌ನಿಂದ ಡಿಸ್‌ಲೈಕ್ ಸಂಖ್ಯೆಯನ್ನು ಸಾರ್ವಜನಿಕರಿಗೆ ತೋರಿಸುತ್ತಿಲ್ಲ. ಉದ್ದೇಶ ಅರ್ಥವಾಗುವಂಥದ್ದೇ, ಆದರೆ ಕೃಷಿ ಮತ್ತು ಆರೋಗ್ಯದ ವಿಡಿಯೊಗಳಲ್ಲಿ ಅದರಿಂದ ನೋಡುಗರಿಗೆ ಹಾನಿಯಾಗಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಾನು ತೋಟಗಾರಿಕೆಯ ತಜ್ಞನಲ್ಲ, ಯಾವ ಔಷಧಿ ಸರಿ ಎಂದು ಹೇಳಲಾರೆ. ವಿಡಿಯೊವನ್ನು ಹೇಗೆ ತೂಗಬೇಕೆಂದು ಮಾತ್ರ ಹೇಳಬಲ್ಲೆ. ಮಾತನಾಡುವವರು ಯಾರು, ಯಾವ ಊರಿನ ಮಣ್ಣಿನ, ಯಾವ ತಳಿಯ ಬಗ್ಗೆ ಹೇಳುತ್ತಿದ್ದಾರೆ, ವಿಡಿಯೊ ಯಾವ ವರ್ಷದ್ದು, ಜಿಗಿಹುಳು ಮತ್ತು ಬೂದಿರೋಗ ಎರಡನ್ನೂ ಬೇರೆ ಬೇರೆಯಾಗಿ ಗುರುತಿಸಿದ್ದಾರೆಯೇ, ಕೊನೆಗೆ ತಾವೇ ಮಾರುವ ಬಾಟಲಿಗೆ ಬಂದು ನಿಲ್ಲುತ್ತಾರೆಯೇ ಎಂದು ನೋಡಬೇಕು. ಔಷಧಿಯ ಲೇಬಲ್ ಮೇಲೆ ಮಾವಿನ ಬೆಳೆಗೆ ಎಂದು ಮುದ್ರಿಸಿದೆಯೇ ಎಂದು ಅಂಗಡಿಯಲ್ಲೇ ಓದಬೇಕು. ಹೂ ಪೂರ್ತಿ ಅರಳಿದ ಹೊತ್ತಿನಲ್ಲಿ ಕೀಟನಾಶಕ ಹೊಡೆದರೆ ಪರಾಗಸ್ಪರ್ಶ ಮಾಡುವ ಜೇನು ಮತ್ತು ನೊಣಗಳು ಸಾಯುತ್ತವೆ ಎಂದು ತೋಟಗಾರಿಕಾ ವಿಜ್ಞಾನಿಗಳು ಎಚ್ಚರಿಸುತ್ತಲೇ ಬಂದಿದ್ದಾರೆ; ವಿಡಿಯೊದಲ್ಲಿ ಆ ಮಾತೇ ಇಲ್ಲದಿದ್ದರೆ ಅದನ್ನು ದೊಡ್ಡ ಕೊರತೆಯೆಂದೇ ತಿಳಿಯಿರಿ. ಮುನ್ನೂರು ವ್ಯೂಸ್ ಇದ್ದ ಆ ವಿಜ್ಞಾನಿಯ ವಿಡಿಯೊವನ್ನು ಈಗಲಾದರೂ ಇಬ್ಬರೂ ಕೂತು ನೋಡಿ. ಹೇಳುವ ರೀತಿ ಸಪ್ಪೆಯಿರಬಹುದು, ಧ್ವನಿ ಸ್ಪಷ್ಟವಿಲ್ಲದಿರಬಹುದು. ಹೆಚ್ಚು ಜನ ಕೊನೆಯವರೆಗೆ ನೋಡದಿರುವುದಕ್ಕೂ, ಆ ಕಾರಣಕ್ಕೆ ಯಂತ್ರ ಅದನ್ನು ಮುಂದೆ ತಳ್ಳದಿರುವುದಕ್ಕೂ ಅವು ಸಾಕು. ವಿಜ್ಞಾನಿ ಹೇಳಿದರೆಂದ ಮಾತ್ರಕ್ಕೆ ನಿಮ್ಮ ತೋಟಕ್ಕೆ ಅದೇ ಸರಿಹೊಂದುತ್ತದೆ ಎಂದೂ ಇಲ್ಲ.

ಮುಂದಿನ ಸಲ ಹೂ ಬಿಡುವ ಮೊದಲೇ, ಎಂದರೆ ಡಿಸೆಂಬರ್ ಹೊತ್ತಿಗೆ, ಯಜಮಾನರು ಕೋಲಾರದ ಟಮಕದಲ್ಲಿರುವ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಮ್ಮೆ ಹೋಗಿ ಬರಲಿ. ಹೂ ಬಂದ ಮೇಲೆ ರೋಗ ಕಂಡರೆ ರೋಗ ತಗುಲಿದ ಹೂಗೊಂಚಲನ್ನು ಕಾಗದದಲ್ಲಿ ಸುತ್ತಿ ಜೊತೆಗೆ ಒಯ್ಯಬೇಕು, ಹಿಂದೆ ಏನನ್ನು ಯಾವ ದಿನ ಎಷ್ಟು ಪ್ರಮಾಣದಲ್ಲಿ ಹೊಡೆದಿದ್ದರೆಂದು ಬರೆದುಕೊಂಡಿರಬೇಕು. ಹೋಗಲು ಆಗದಿದ್ದರೆ ಕಿಸಾನ್ ಕಾಲ್ ಸೆಂಟರ್‌ನ 1800-180-1551ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಕೇಳಬಹುದು. ಆಮೇಲೂ ವಿಡಿಯೊದ ಸಲಹೆಯನ್ನು ಪ್ರಯತ್ನಿಸಲೇಬೇಕೆಂಬ ಮನಸ್ಸಿದ್ದರೆ ತೋಟದ ನಾಲ್ಕೈದು ಮರಗಳಿಗೆ ಮಾತ್ರ ಹೊಡೆದು, ಗುರುತು ಕಟ್ಟಿ, ಪಕ್ಕದ ಅಷ್ಟೇ ವಯಸ್ಸಿನ ಅದೇ ತಳಿಯ ಮರಗಳಲ್ಲಿ ಕಾಯಿ ಕಚ್ಚಿದ್ದನ್ನು ಹೋಲಿಸಿ ನೋಡಲಿ. ಇದರಲ್ಲೂ ಆ ನಾಲ್ಕೈದು ಮರಗಳ ಫಸಲು ಹೋಗುವ ಅಪಾಯವಿದೆ, ಆದರೆ ನಷ್ಟ ಅಷ್ಟಕ್ಕೇ ನಿಲ್ಲುತ್ತದೆ.